ಕಸುಬು ಬಿಟ್ಟು ಬಂದವರ ಪಾಠ

೧

ಕವಿತಾ ಸಂಕಲನಗಳ ಬಗ್ಗೆ, ಕಾದಂಬರಿಗಳ ಬಗ್ಗೆ ಬರೆಯುವ ಈ ಪುಟಗಳಲ್ಲಿ ನಾವು ಈ ಸಲ ಒಂದು ಕೋರ್ಸಿನ ಬಗ್ಗೆ ಬರೆಯುತ್ತಿದ್ದೇವೆ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಬೇಕಾದರೆ ಓದಬೇಕಾದ ಎರಡು ವರ್ಷದ ಕೋರ್ಸು. ಹಿಂದೆ ಟಿ.ಸಿ.ಎಚ್. ಅಂತಿದ್ದರು. ಆಮೇಲೆ ಡಿ.ಇಡಿ. ಆಯಿತು. ಈಗ ಡಿ.ಎಲ್.ಎಡ್. ನಮ್ಮ ಊರುಗಳಲ್ಲಿ ಇವತ್ತಿಗೂ 'ಟಿಸಿಎಚ್ ಓದ್ತಾವ್ನೆ' ಅಂತಲೇ ಅನ್ನೋದು.

ಇದಕ್ಕೂ ಸಾಹಿತ್ಯಕ್ಕೂ ಏನು ಸಂಬಂಧ ಅಂತ ಕೇಳುವವರು ಇದ್ದಾರೆ. ನಮ್ಮ ಒಂದು ಪದ್ಯವನ್ನು ಇನ್ನೂರು ಜನ ಓದಿದರೆ ಹೆಚ್ಚು. ಈ ಕೋರ್ಸಿನ ನೋಟ್ಸು ಓದಿಕೊಂಡು ಹೊರಟ ಒಬ್ಬ ಮೇಷ್ಟ್ರು ತನ್ನ ಸರ್ವೀಸಿನಲ್ಲಿ ನೂರಾರು ಮಕ್ಕಳ ಬಾಯಿಗೆ ಮೊದಲ ಅಕ್ಷರ ಇಡುತ್ತಾನೆ. ಆ ಅಕ್ಷರ ಸರಿಯಾಗಿ ಇಳಿಯದೇ ಹೋದ ಕೇರಿಯಲ್ಲಿ ನಮ್ಮ ಪದ್ಯವನ್ನು ಯಾರು ಓದಬೇಕು? ಕಾವ್ಯದ ಓದುಗ ಹುಟ್ಟುವುದು, ಅಥವಾ ಸಾಯುವುದು, ಒಂದನೇ ಕ್ಲಾಸಿನಲ್ಲಿ. ಆದ್ದರಿಂದ ಈ ಪಠ್ಯಕ್ರಮವನ್ನೂ ಒಂದು ಕೃತಿ ಅಂತಲೇ ಓದಿದ್ದೇವೆ. ಇದರೊಳಗಿನ ಮಗು ಯಾರು, ಇದರೊಳಗಿನ ಮೇಷ್ಟ್ರು ಯಾರು, ಇದು ಯಾರನ್ನು ಉದ್ದೇಶಿಸಿ ಮಾತಾಡುತ್ತದೆ, ಯಾರ ಬಗ್ಗೆ ಬಾಯಿ ಮುಚ್ಚಿಕೊಳ್ಳುತ್ತದೆ ಅಂತ ನೋಡಿದ್ದೇವೆ.

ನಾವು ಅಂದರೆ ಒಂದೇ ಬೆಂಚಿನ ಐದಾರು ಜನ. ಎಲ್ಲರೂ ನಮ್ಮ ನಮ್ಮ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು. ಒಬ್ಬ ಎಂಟು ವರ್ಷ ಮರಗೆಲಸ ಮಾಡಿದವನು. ಒಬ್ಬಾಕೆ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದವಳು, ಎರಡು ಮಕ್ಕಳ ತಾಯಿ. ಇನ್ನೊಬ್ಬ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ರಾತ್ರಿಯೆಲ್ಲ ಯಾರದೋ ಬೈಗುಳ ಕೇಳಿ ಬಂದವನು. ಒಬ್ಬಳು ಹಾಸ್ಟೆಲಿನ ಅಡಿಗೆ ಮನೆಯಲ್ಲಿದ್ದವಳು. ಈ ಸಾಲುಗಳನ್ನು ಬರೆಯುತ್ತಿರುವ ಕೈ ಜೆರಾಕ್ಸ್ ಅಂಗಡಿಯಲ್ಲಿ ಮೂರು ವರ್ಷ ಬೇರೆಯವರ ನೋಟ್ಸು ನಕಲು ತೆಗೆದ ಕೈ. ಎಲ್ಲರೂ ಒಂದು ಕಸುಬು ಬಿಟ್ಟು ಇನ್ನೊಂದು ಕಸುಬಿಗೆ ಬಂದವರು.

ಕಸುಬು ಬದಲಾಯಿಸುವುದು ಈ ದೇಶದಲ್ಲಿ ಸಣ್ಣ ಮಾತಲ್ಲ. ಜಾತಿ ಅನ್ನೋದು ಬರೀ ದುಡಿಮೆಯ ವಿಂಗಡಣೆಯಲ್ಲ, ದುಡಿಯುವ ಜನರನ್ನೇ ವಿಂಗಡಿಸಿ ಇಡೋದು ಅಂತ ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದರು. ಅಪ್ಪನ ಕಸುಬಿನಿಂದ ಮಗ ಆಚೆಗೆ ಕಾಲಿಡದ ಹಾಗೆ ಗೋಡೆ ಕಟ್ಟಿದ ದೇಶ ಇದು. ಒಂದು ಕುರ್ಚಿಯಿಂದ ಇನ್ನೊಂದು ಕುರ್ಚಿಗೆ ಹೋಗುವವರಿಗೆ ಇದು ಅರ್ಥವಾಗೋದು ಕಷ್ಟ. ನೆಲದಿಂದ ಎದ್ದು ಕುರ್ಚಿಯ ಮೇಲೆ ಕೂತು, 'ಅ' ಅನ್ನು, 'ಆ' ಅನ್ನು ಅಂತ ಹೇಳೋದು ಅಂದರೆ ನಮ್ಮ ಮನೆಗಳಲ್ಲಿ ಒಂದು ತಲೆಮಾರಿನ ಕನಸು. ಅಂಥ ಕನಸು ಹೊತ್ತು ಬಂದವರನ್ನು ಈ ಕೋರ್ಸು ಹೇಗೆ ಕಾಣುತ್ತದೆ? ನಮ್ಮ ಪ್ರಶ್ನೆ ಇಷ್ಟೇ.

೨

ಮೊದಲು ಹೊಟ್ಟೆಯ ಲೆಕ್ಕ ಮುಗಿಸೋಣ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮದ ಪ್ರಕಾರ ಈ ಕೋರ್ಸಿಗೆ ಬೇಕಾದ್ದು ಪಿಯುಸಿಯಲ್ಲಿ ನೂರಕ್ಕೆ 50 ಅಂಕ, ಮೀಸಲಾತಿಯವರಿಗೆ ರಿಯಾಯಿತಿ. ಎರಡು ವರ್ಷ. ವರ್ಷಕ್ಕೆ ಕನಿಷ್ಠ 200 ದಿನ. ವಾರಕ್ಕೆ ಕನಿಷ್ಠ 36 ಗಂಟೆ. ಹಾಜರಿ ನೂರಕ್ಕೆ 80. ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್ ಒಟ್ಟು 20 ವಾರ, ಮೊದಲ ವರ್ಷ 4, ಎರಡನೇ ವರ್ಷ 16. ಅದಕ್ಕೆ ಹಾಜರಿ ನೂರಕ್ಕೆ 90.

ಈ ಅಂಕಿಗಳನ್ನು ಬರೆದವರ ಕಣ್ಣ ಮುಂದೆ ಯಾರಿದ್ದರು ಅಂತ ಊಹಿಸೋದು ಕಷ್ಟವಲ್ಲ. ಪಿಯುಸಿ ಮುಗಿಸಿದ ಹದಿನೆಂಟರ ಹುಡುಗ ಅಥವಾ ಹುಡುಗಿ. ಅಪ್ಪನ ಮನೆಯಲ್ಲಿ ಊಟ. ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಬರೋದು, ಸಂಜೆ ಹೋಗೋದು. ಗಾರ್ಮೆಂಟ್ಸಿನಲ್ಲಿ ವಾರಕ್ಕೆ 48 ಗಂಟೆ ದುಡಿದು ಬಾಡಿಗೆ ಕಟ್ಟುವ ಹೆಂಗಸು ಈ ಅಂಕಿಗಳಲ್ಲಿ ಎಲ್ಲೂ ಇಲ್ಲ. 48ಕ್ಕೆ 36 ಕೂಡಿಸಿ ನೋಡಿ. 84 ಗಂಟೆ. ಆದ್ದರಿಂದ ಆಕೆ ಮೊದಲು ಕೆಲಸ ಬಿಡಬೇಕು. ಬಿಟ್ಟ ಮೇಲೆ ಎರಡು ವರ್ಷ ಏನು ತಿನ್ನಬೇಕು ಅನ್ನೋದಕ್ಕೆ ಪಠ್ಯಕ್ರಮದಲ್ಲಿ ಘಟಕವಿಲ್ಲ.

ಹಾಗಂತ 'ಇಷ್ಟು ತರಬೇತಿ ಯಾಕೆ, ಮಕ್ಕಳಿಗೆ ಅಆಇಈ ಹೇಳಿಕೊಡೋಕೆ' ಅನ್ನುವವರ ಜೊತೆ ನಾವಿಲ್ಲ. ಆ ಮಾತು ಯಾವತ್ತೂ ಬಡವರ ಮಕ್ಕಳ ಶಾಲೆಗೆ ಮಾತ್ರ ಅನ್ವಯಿಸುವ ಮಾತು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಶುರು ಮಾಡಿದ ಸಾವಿತ್ರಿಬಾಯಿ ಫುಲೆ ಮದುವೆಯಾದ ಮೇಲೆ ಅಕ್ಷರ ಕಲಿತವರು. ಅಂಥವರೂ ಶಿಕ್ಷಕಿಯಾಗಲು ತರಬೇತಿ ಪಡೆದರು. ಮೈಮೇಲೆ ಸಗಣಿ ಬೀಳುವ ಬೀದಿಯಲ್ಲಿ ನಡೆದು ಶಾಲೆಗೆ ಹೋದ ತಾಯಿಗೆ ತರಬೇತಿ ಬೇಕು ಅನ್ನಿಸಿತು ಅಂದರೆ ನಮಗೆ ಬೇಡ ಅನ್ನೋಕೆ ನಾವು ಯಾರು?

ಸರ್ಕಾರ ಇನ್ನೊಂದು ದಾರಿಯನ್ನೂ ಹಿಡಿದು ನೋಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ತರಬೇತಿ ಇಲ್ಲದ ಶಿಕ್ಷಕರಿಗೆ ಐದು ವರ್ಷ ಗಡುವು ಕೊಟ್ಟಿತ್ತು. ಆಗಲಿಲ್ಲ. 2017ರಲ್ಲಿ ತಿದ್ದುಪಡಿ ಮಾಡಿ ಗಡುವನ್ನು 2019ರ ಮಾರ್ಚ್ 31ಕ್ಕೆ ತಳ್ಳಿದರು. ಆಗ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹದಿನೆಂಟು ತಿಂಗಳ ದೂರಶಿಕ್ಷಣದ ಕೋರ್ಸು ಬಂತು. ದೇಶದಾದ್ಯಂತ ಹದಿಮೂರು ಲಕ್ಷಕ್ಕೂ ಹೆಚ್ಚು ಶಿಕ್ಷಕರು ಹೆಸರು ಬರೆಸಿದರು. ಪಾಠ ಟಿವಿಯಲ್ಲಿ, ಕಂಪ್ಯೂಟರಿನಲ್ಲಿ. ಹಗಲು ಖಾಸಗಿ ಶಾಲೆಯಲ್ಲಿ ಚೂರುಪಾರು ಸಂಬಳಕ್ಕೆ ದುಡಿದು ರಾತ್ರಿ ಮೊಬೈಲಿನಲ್ಲಿ ಪಾಠ ನೋಡಿದವರು ಅವರು. ಆಮೇಲೆ ಆ ಹದಿನೆಂಟು ತಿಂಗಳು ಎರಡು ವರ್ಷಕ್ಕೆ ಸಮವೋ ಅಲ್ಲವೋ ಅಂತ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಕೋರ್ಸು ಮಾಡಿಸಿದವರು ಯಾರೂ ಕಟಕಟೆಯಲ್ಲಿ ನಿಂತು ಒದ್ದಾಡಲಿಲ್ಲ. ಓದಿದವರು ಒದ್ದಾಡಿದರು.

ಇನ್ನು ಮೂರನೆಯದು ಬಿ.ಇಡಿ. ಓದಿದವರ ಕತೆ. 2018ರ ಜೂನ್ 28ರ ಅಧಿಸೂಚನೆಯಲ್ಲಿ ಬಿ.ಇಡಿ.ಯವರೂ ಒಂದರಿಂದ ಐದನೇ ತರಗತಿಗೆ ಬರಬಹುದು, ಆದರೆ ಕೆಲಸಕ್ಕೆ ಸೇರಿ ಎರಡು ವರ್ಷದೊಳಗೆ ಆರು ತಿಂಗಳ ಸೇತು ಕೋರ್ಸು ಮಾಡಬೇಕು ಅಂದರು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಸಣ್ಣ ಮಕ್ಕಳಿಗೆ ಕಲಿಸುವ ವಿದ್ಯೆಯೇ ಬೇರೆ, ಬಿ.ಇಡಿ. ಅದಕ್ಕಾಗಿ ಇರುವುದಲ್ಲ ಅನ್ನೋದು ತೀರ್ಪಿನ ಸಾರ. ನಾವು ಇದನ್ನು ಮನಸಾರೆ ಒಪ್ಪುತ್ತೇವೆ. ದೊಡ್ಡ ಡಿಗ್ರಿ ಇದ್ದವನು ಸಣ್ಣ ಮಗುವಿಗೆ ತಾನಾಗೇ ಮೇಷ್ಟ್ರಾಗುತ್ತಾನೆ ಅನ್ನೋದು ಅಹಂಕಾರ. ಆದರೆ ಆ ಸೇತುವೆಯ ಗತಿ ನೋಡಿ. 2024ರ ಏಪ್ರಿಲಿನಲ್ಲಿ, ಆಗಲೇ ನೇಮಕವಾಗಿದ್ದವರನ್ನು ಉಳಿಸಿ ಆದೇಶ ಕೊಡುವಾಗ, ಆ ಕೋರ್ಸನ್ನು ರೂಪಿಸಿ ಅಂತ ಕೋರ್ಟೇ ಹೇಳಬೇಕಾಯಿತು. ಆರು ವರ್ಷ ಕಾಗದದ ಮೇಲೆ ಸೇತುವೆ, ಕೆಳಗೆ ಹೊಳೆ, ದಾಟುವವರು ನೀರಿನಲ್ಲಿ.

ಒಂದು ಕಡೆ ಸಂಬಳ ಬಿಟ್ಟು ಬಾ ಅನ್ನುವ ಕೋರ್ಸು. ಇನ್ನೊಂದು ಕಡೆ ಮಗುವಿನ ಮುಖ ನೋಡದೆ ಟಿವಿ ನೋಡಿ ಮುಗಿಸು ಅನ್ನುವ ಕೋರ್ಸು. ದುಡಿಯುವ ಜನ ಮರ್ಯಾದೆಯಿಂದ ಮೇಷ್ಟ್ರಾಗುವ ದಾರಿ ಇವೆರಡರ ನಡುವೆ ಎಲ್ಲೂ ಕಾಣಲಿಲ್ಲ.

೩

ಈಗ ಪಠ್ಯದೊಳಕ್ಕೆ ಬರೋಣ.

ನಮ್ಮ ಮೊದಲ ವರ್ಷದ ನೋಟ್ಸಿನಲ್ಲಿ ಶಿಕ್ಷಣ ಚಿಂತಕರ ಸಾಲು ಇದೆ. ಪ್ರತಿಯೊಬ್ಬರಿಗೂ ಐದು ಅಂಕದ ಒಂದು ಟಿಪ್ಪಣಿ. ಹುಟ್ಟಿದ ಇಸವಿ, ಸತ್ತ ಇಸವಿ, ತತ್ವಗಳು, ಗುಣಗಳು, ದೋಷಗಳು. ಬಾಯಿಪಾಠ ಮಾಡಿದೆವು, ಅಂಕ ತಗೊಂಡೆವು. ಆಮೇಲೆ ಲೈಬ್ರರಿಯಲ್ಲಿ ಅವರ ಬದುಕನ್ನು ಓದಿದಾಗ ನಮ್ಮ ಮರಗೆಲಸದ ಗೆಳೆಯ ಒಂದು ಮಾತು ಅಂದ: 'ಇವರೆಲ್ಲ ನಮ್ಮ ಥರದವರೇ ಕಣಯ್ಯ. ಬೇರೆ ಕೆಲಸ ಬಿಟ್ಟು ಬಂದೋರು.'

ಹೌದು. ಮಾಂಟೆಸ್ಸರಿ ಡಾಕ್ಟರು. 1907ರಲ್ಲಿ ರೋಮಿನ ಸಾನ್ ಲೊರೆಂಜೊ ಅನ್ನುವ ಬಡವರ ಕೇರಿಯಲ್ಲಿ ಕೂಲಿಯವರ ಮಕ್ಕಳನ್ನು ಇಟ್ಟುಕೊಂಡು ಶುರು ಮಾಡಿದಾಕೆ. ಆಕೆ ಮಕ್ಕಳನ್ನು ನೋಡಿದ ಕಣ್ಣು ರೋಗಿಯನ್ನು ಗಮನಿಸಿ ಅಭ್ಯಾಸವಾದ ಕಣ್ಣು. ಫ್ರೊಬೆಲ್ ಕಾಡಿನ ಕೆಲಸ ಕಲಿಯಲು ಅರಣ್ಯದವನೊಬ್ಬನ ಹತ್ತಿರ ಇದ್ದವನು. ಪೆಸ್ಟಲಾಜಿ ಬೇಸಾಯ ಮಾಡಲು ಹೋಗಿ ಕೈ ಸುಟ್ಟುಕೊಂಡವನು. ಪಿಯಾಜೆ ಬಸವನಹುಳು, ಚಿಪ್ಪುಹುಳುಗಳ ಬಗ್ಗೆ ಡಾಕ್ಟರೇಟು ಮಾಡಿದವನು. ಪಾವ್ಲೊ ಫ್ರೇರೆ ವಕೀಲಿ ಓದಿದವನು. ನಮ್ಮ ಕಡೆಯ ಗಿಜುಭಾಯಿ ಬಧೇಕಾ ಕೂಡ ವಕೀಲರು, ಕರಿಕೋಟು ಬಿಚ್ಚಿಟ್ಟು ಭಾವನಗರದ ದಕ್ಷಿಣಾಮೂರ್ತಿ ಶಾಲೆಗೆ ಬಂದವರು. ಅವರ 'ದಿವಾಸ್ವಪ್ನ'ದಲ್ಲೂ ಒಬ್ಬ ಹೊರಗಿನವನು ನಾಲ್ಕನೇ ಕ್ಲಾಸನ್ನು ಒಂದು ವರ್ಷಕ್ಕೆ ಕೇಳಿಕೊಂಡು ಬರುತ್ತಾನೆ. ಅವನ ಮೊದಲ ದಿನ ಪೂರಾ ಸೋಲು. ಮಕ್ಕಳು ಗದ್ದಲ ಮಾಡಿ ಅವನನ್ನು ಸೋಲಿಸುತ್ತಾರೆ.

ಅಂದರೆ ಈ ಪಠ್ಯಕ್ರಮದ ದೇವರಗೂಡಿನಲ್ಲಿರುವ ಅರ್ಧಕ್ಕರ್ಧ ಫೋಟೋಗಳು ಕಸುಬು ಬದಲಾಯಿಸಿದವರದು. ಅವರು ಹೊಸದನ್ನು ಕಂಡದ್ದೇ ಹಳೆಯ ಕಸುಬಿನ ಕಣ್ಣು ಜೊತೆಯಲ್ಲಿದ್ದದ್ದರಿಂದ. ಇದನ್ನು ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಮುಂದಿನ ಪ್ರಶ್ನೆ ಕೇಳಬೇಕಾಗುತ್ತಿತ್ತು: 'ನೀನು ಏನು ಕೆಲಸ ಮಾಡುತ್ತಿದ್ದೆ? ಅಲ್ಲಿಂದ ಏನು ತಂದಿದ್ದೀಯ?' ಎರಡು ವರ್ಷದಲ್ಲಿ ಒಂದು ಪತ್ರಿಕೆ, ಒಂದು ಅಸೈನ್‌ಮೆಂಟು, ಒಂದು ವೈವಾ ನಮ್ಮನ್ನು ಈ ಪ್ರಶ್ನೆ ಕೇಳಲಿಲ್ಲ. ಡಾಕ್ಟರಿಕೆ, ವಕೀಲಿಯಿಂದ ಬಂದರೆ ಅದು ದರ್ಶನ. ಉಳಿ ಬಾಚಿಯಿಂದ ಬಂದರೆ ಅದು ಮರೆಯಬೇಕಾದ ವಿಷಯ.

೪

ಮರೆಯಬೇಕಾದ ವಿಷಯದ್ದೇ ಒಂದು ಪ್ರಸಂಗ ಇದೆ.

ನಲಿ-ಕಲಿಯಲ್ಲಿ ಅಕ್ಷರಗಳನ್ನು ಅಆಇಈ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಬರೆಯಲು ಸುಲಭ, ಒಂದರ ಪಕ್ಕ ಒಂದು ಇಟ್ಟರೆ ಆಗಲೇ ಪದ. ಅರಸ, ಸರ, ದರ, ಗರಗಸ. ಐದೇ ಅಕ್ಷರ ಕಲಿತ ಮಗು ಅವತ್ತೇ ಓದುಗ ಆಗುತ್ತದೆ. ಕನ್ನಡದಲ್ಲಿ ಮಕ್ಕಳ ಪರವಾಗಿ ನಡೆದ ದೊಡ್ಡ ಕೆಲಸಗಳಲ್ಲಿ ಇದೊಂದು ಅಂತ ನಾವು ತಿಳಿದಿದ್ದೇವೆ.

ನಮ್ಮ ಮರಗೆಲಸದ ಗೆಳೆಯ ಇಂಟರ್ನ್‌ಶಿಪ್ಪಿನಲ್ಲಿ ಒಂದನೇ ಕ್ಲಾಸಿಗೆ ಈ ಪಾಠ ತಗೊಂಡ. 'ಗರಗಸ' ಅನ್ನುವ ಪದಕ್ಕೆ ತನ್ನದೇ ಗರಗಸ ತಂದ. ಹಲ್ಲಿಗೆ ಎರಡು ಸುತ್ತು ಬಟ್ಟೆ ಸುತ್ತಿ ದಾರ ಕಟ್ಟಿದ್ದ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಗಾಳಿಯಲ್ಲಿ ಹಿಂದೆ ಮುಂದೆ ಎಳೆದ. 'ಏನಂತ ಸದ್ದು ಬತ್ತದೆ?' ಅಂದ. 'ಗರ ಗರ ಗರ' ಅಂದವು ಮಕ್ಕಳು. 'ಹಂಗಾರೆ ಇದರ ಹೆಸರೇನು?' ಅಂತ ಬೋರ್ಡಿನ ಮೇಲೆ ಬರೆದ. ಹಿಂದೆ ಕೂತ ಹುಡುಗನೊಬ್ಬ ಎದ್ದು 'ನಮ್ಮಪ್ಪಂದು ಎರಡು ಐತೆ ಸಾ' ಅಂದ. ಆ ಹುಡುಗ ಅಲ್ಲಿವರೆಗೆ ಬಾಯಿ ಬಿಟ್ಟಿರಲಿಲ್ಲ ಅಂತ ಆ ಕ್ಲಾಸಿನ ಮೇಡಂ ಆಮೇಲೆ ಹೇಳಿದರು.

ನೋಡಲು ಬಂದ ಮೇಲ್ವಿಚಾರಕರು ಬರೆದದ್ದು: 'ಪಾಠೋಪಕರಣ ಅನುಚಿತ. ಚಾರ್ಟ್ ಬಳಸಿಲ್ಲ.' ಸಣ್ಣ ಮಕ್ಕಳ ಮುಂದೆ ಹರಿತವಾದ ವಸ್ತು ತರಬಾರದು ಅಂತ ಬರೆದಿದ್ದರೆ ನಾವು ತಲೆಬಾಗುತ್ತಿದ್ದೆವು. ಅವರು ಬರೆದದ್ದು ಚಾರ್ಟಿನ ಬಗ್ಗೆ. ಮುಂದಿನ ವಾರ ಗೆಳೆಯ ಥರ್ಮಕೋಲಿನಲ್ಲಿ ಒಂದು ಗರಗಸ ಕತ್ತರಿಸಿ ಬೆಳ್ಳಿ ಬಣ್ಣ ಹಚ್ಚಿ ತಂದ. ಅದಕ್ಕೆ ಪೂರ್ತಿ ಅಂಕ ಬಂತು.

ನಾವು ಇಡೀ ಕೋರ್ಸಿನಲ್ಲಿ ಓದಿದ ಕೃತಿಯ ಸಾರಾಂಶ ಈ ಥರ್ಮಕೋಲಿನ ಗರಗಸ. ನೋಡಲು ಗರಗಸ, ಕೊಯ್ಯೋದಿಲ್ಲ. ಪಾಠಯೋಜನೆಯೂ ಹಾಗೇ. ಎಡಗಡೆ ಶಿಕ್ಷಕರ ಚಟುವಟಿಕೆ, ಬಲಗಡೆ ಮಕ್ಕಳ ಚಟುವಟಿಕೆ. ಮಗು ಏನು ಉತ್ತರ ಕೊಡುತ್ತದೆ ಅಂತ ಹಿಂದಿನ ರಾತ್ರಿಯೇ ಬರೆದಿಡಬೇಕು. ಮಗು ಬೇರೆ ಏನಾದರೂ ಅಂದರೆ ಅದಕ್ಕೆ ಕಾಲಂ ಇಲ್ಲ. ಹಿಂದಿನ ವರ್ಷದವರ ರೆಕಾರ್ಡು ನೋಡಿ ನಕಲು ಮಾಡುವುದು, ದುಡ್ಡು ಕೊಟ್ಟು ಬರೆಸುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಬೇರೆಯವರ ಕಡೆ ಬೆರಳು ತೋರಿಸಿ ನಾವು ತಪ್ಪಿಸಿಕೊಳ್ಳೋದಿಲ್ಲ. ನಾವೂ ನಕಲು ಮಾಡಿದ್ದೇವೆ. ಜೆರಾಕ್ಸ್ ಅಂಗಡಿಯ ವಿದ್ಯೆ ಈ ಕೋರ್ಸಿನಲ್ಲಿ ಉಪಯೋಗಕ್ಕೆ ಬಂದದ್ದು ಅಲ್ಲೊಂದೇ ಕಡೆ.

೫

ನಮ್ಮ ತಪ್ಪು ಅದಕ್ಕಿಂತ ದೊಡ್ಡದು ಒಂದಿದೆ. ಅದನ್ನು ಹೇಳದೆ ಈ ವಿಮರ್ಶೆ ಬರೆಯುವ ಯೋಗ್ಯತೆ ನಮಗಿಲ್ಲ.

ಎರಡನೇ ಕ್ಲಾಸಿನಲ್ಲಿ ಕನ್ನಡ ಪಾಠ. ಕಾರ್ಡಿನ ಮೇಲೆ 'ಹಾಲು' ಅಂತ ಇತ್ತು. ಒಬ್ಬ ಹುಡುಗಿ ಕಾರ್ಡು ನೋಡಿ, ಪಕ್ಕದ ಚಿತ್ರ ನೋಡದೆ, ಥಟ್ಟನೆ 'ಆಲು' ಅಂತ ಓದಿದಳು. ನಾವು 'ಆಲು ಅಲ್ಲ, ಹಾಲು. ಹಾ. ಹಾಲು ಅನ್ನು' ಅಂದೆವು. 'ಆಲು' ಅಂದಳು. ಮುಂದಕ್ಕೆ ಕರೆದು ಮೂರು ಸಲ ಹೇಳಿಸಿದೆವು. ಮೂರನೇ ಸಲ ಕ್ಲಾಸು ನಕ್ಕಿತು. ಹುಡುಗಿ ಹೋಗಿ ಕೂತವಳು ಆಮೇಲೆ ಮೂರು ದಿನ ಬಾಯಿ ಬಿಡಲಿಲ್ಲ. ಅವತ್ತು ಮೇಲ್ವಿಚಾರಕರು ನಮ್ಮ ಪುಸ್ತಕದಲ್ಲಿ ಬರೆದರು: 'ಉಚ್ಚಾರ ಶುದ್ಧಿಗೆ ಒತ್ತು ನೀಡಲಾಗಿದೆ. ಉತ್ತಮ.'

ಆ ಶನಿವಾರ ಊರಿಗೆ ಹೋದಾಗ ಅವ್ವ ಒಲೆ ಮುಂದಿನಿಂದ ಕೂಗಿದಳು: 'ಆಲು ಕಾಯ್ಸಿವ್ನಿ, ಕುಡಿ ಬಾ ಮಗ.'

ಲೋಟ ಕೈಯಲ್ಲಿ ಹಿಡಿದು ಕೂತಾಗ ನಾವು ಮಾಡಿದ್ದು ಏನು ಅಂತ ಗೊತ್ತಾಯಿತು. ಪದ್ಯ ಬರೆಯುವಾಗ ಅವ್ವನ ಮಾತು, ಕೇರಿಯ ಮಾತು ಅಂತ ಎದೆ ತಟ್ಟಿಕೊಂಡವರು ನಾವು. ವೇದಿಕೆ ಮೇಲೆ 'ಆಲು' ಅಂದರೆ ಚಪ್ಪಾಳೆ. ಕ್ಲಾಸಿನಲ್ಲಿ ಅದೇ 'ಆಲು' ದೋಷ. ಆ ಹುಡುಗಿಯ ಬಾಯಲ್ಲಿ ನಮ್ಮ ಅವ್ವನನ್ನೇ ನಿಲ್ಲಿಸಿ ಮೂರು ಸಲ ತಿದ್ದಿದ್ದೆವು.

ಇದು ಬರೀ ಪಶ್ಚಾತ್ತಾಪದ ಮಾತಲ್ಲ, ಬೋಧನೆಯ ವಿದ್ಯೆಯ ಮಾತು. ಆ ಹುಡುಗಿ ತಪ್ಪು ಓದಲಿಲ್ಲ, ಸರಿಯಾಗಿ ಓದಿದಳು. ಅಕ್ಷರ ಗುರುತಿಸಿದಳು, ಅರ್ಥ ಹಿಡಿದಳು, ತನ್ನ ನಾಲಿಗೆಯಲ್ಲಿ ಹೇಳಿದಳು. ಓದು ಅಂದರೆ ಇದೇ. ಅರ್ಥ ತಿಳಿಯದೆ 'ಹಾಲು ಹಾಲು' ಅಂತ ಗಿಣಿಪಾಠ ಒಪ್ಪಿಸಿದ ಪಕ್ಕದ ಹುಡುಗನಿಗಿಂತ ಅವಳು ಮುಂದೆ ಇದ್ದಳು. ಬರೆಯುವಾಗ 'ಹ' ಬರೆಯಬೇಕು, ಅದನ್ನು ಅವಳು ಕಲಿಯಲೇಬೇಕು. ಕಲಿಯದಿದ್ದರೆ ನಾಳೆ ಅರ್ಜಿ ಬರೆಯುವಾಗ ಸೋಲೋದು ಅವಳೇ. ಆದರೆ ಅದು ಬೇರೆ ದಿನದ ಪಾಠ. 'ನಾವು ಆಲು ಅಂತೀವಿ, ಪುಸ್ತಕದಲ್ಲಿ ಹಾಲು ಅಂತ ಬರೀತಾರೆ' ಅಂದಿದ್ದರೆ ಅವಳಿಗೆ ಎರಡೂ ಸಿಗುತ್ತಿತ್ತು. ನಾವು ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಕೊಡಲು ಹೋದೆವು. ಅವಳು ಎರಡನ್ನೂ ಬಿಟ್ಟಳು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಮನೆಮಾತಿಗೆ ಗೌರವ ಕೊಡಬೇಕು ಅನ್ನುತ್ತದೆ. 2009ರ ಶಿಕ್ಷಕ ಶಿಕ್ಷಣದ ಚೌಕಟ್ಟು ಮಗುವಿನ ಅನುಭವದಿಂದ ಶುರು ಮಾಡಿ ಅನ್ನುತ್ತದೆ. ಇವು ಒಳ್ಳೆಯ ಮಾತುಗಳು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡೆವು. ಆದರೆ ನಮ್ಮ ಕೈಗೆ ಸಿಕ್ಕ ಗೈಡುಗಳಲ್ಲಿ, ಭಾಷಾ ಬೋಧನೆಯ ಭಾಗದಲ್ಲಿ, 'ಉಚ್ಚಾರ ದೋಷಗಳು ಮತ್ತು ನಿವಾರಣೆ' ಅನ್ನುವ ಶೀರ್ಷಿಕೆಯ ಕೆಳಗೆ ಮೊದಲ ಉದಾಹರಣೆಯೇ ಅಕಾರ ಹಕಾರ. ಕಾರಣ: 'ಪರಿಸರದ ಪ್ರಭಾವ'. ಈ 'ಪರಿಸರ' ಯಾವುದು ಅಂತ ಎಲ್ಲರಿಗೂ ಗೊತ್ತು. ಯಾರೂ ಬರೆಯೋದಿಲ್ಲ. ಮಾತೃಭಾಷೆಯಲ್ಲಿ ಶಿಕ್ಷಣ ಅಂತ ಭಾಷಣ ಮಾಡುವವರನ್ನು ಕೇಳಬೇಕು: ಯಾರ ಮಾತೆಯ ಭಾಷೆ ಸ್ವಾಮಿ?

೬

ನಮ್ಮ ಕೋರ್ಸಿನಲ್ಲಿ ಜಾತಿ ಇಲ್ಲವೇ ಅಂದರೆ ಇದೆ. ಸಮಾಜ ಮತ್ತು ಶಿಕ್ಷಣದ ಪತ್ರಿಕೆಯಲ್ಲಿ ಇದೆ. ಅಸಮಾನತೆ, ಅಂಚಿಗೆ ಸರಿದವರು, ಸಂವಿಧಾನದ ವಿಧಿಗಳು. ಹತ್ತು ಅಂಕದ ಪ್ರಶ್ನೆ. ಆ ಪತ್ರಿಕೆ ಮುಗಿಸಿ ಗಣಿತ ಬೋಧನೆ, ಭಾಷಾ ಬೋಧನೆ, ಪರಿಸರ ಅಧ್ಯಯನಕ್ಕೆ ಬಂದರೆ ಜಾತಿ ಮಾಯ. ಮಗುವಿನ ಬೆಳವಣಿಗೆಯ ಪತ್ರಿಕೆಯಲ್ಲಿ ಮಗುವಿಗೆ ವಯಸ್ಸಿದೆ, ಹಂತವಿದೆ, ಬುದ್ಧಿಶಕ್ತಿ ಇದೆ. ಕೇರಿ ಇಲ್ಲ. ಜಾತಿ ಅನ್ನೋದು ಶಾಲೆಯ ಕಾಂಪೌಂಡಿನ ಆಚೆ ಎಲ್ಲೋ ಇರುವ ಸಮಾಜದ ಸಮಸ್ಯೆ, ಕ್ಲಾಸಿನೊಳಗೆ ಇರೋದು ಬರೀ 'ಮಗು' ಅನ್ನುವ ಹಾಗೆ.

ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಾಗಿದ್ದ, ಜವಾನ ಬಂದು ಮೇಲಿಂದ ಹೊಯ್ದರೆ ಮಾತ್ರ ನೀರು ಕುಡಿಯಬಹುದಾಗಿದ್ದ ಹುಡುಗ ಮುಂದೆ ಸಂವಿಧಾನ ಬರೆದರು ಅಂತ ನಾವು ಏಪ್ರಿಲ್ 14ರಂದು ಭಾಷಣ ಮಾಡುತ್ತೇವೆ. ಅದೇ ನೀರು, ಅದೇ ಗೋಣಿತಟ್ಟು ಮಗುವಿನ ಬೆಳವಣಿಗೆಯ ಪತ್ರಿಕೆಯಲ್ಲಿ ಒಂದು ಘಟಕ ಆಗಬೇಕಾಗಿತ್ತು. ಬಾಯಾರಿದ ಮಗು ಹೇಗೆ ಕಲಿಯುತ್ತದೆ? ಬೇರೆ ಕೂರಿಸಿದ ಮಗುವಿನ ಗಮನ ಎಲ್ಲಿರುತ್ತದೆ? ಇದು ಮನೋವಿಜ್ಞಾನ ಅಲ್ಲವೇ?

ಇದೆಲ್ಲ ಹಳೇ ಕತೆ ಅನ್ನುವವರು 2023ರ ಡಿಸೆಂಬರನ್ನು ನೆನಪಿಸಿಕೊಳ್ಳಲಿ. ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ್ದು ಬಯಲಾಯಿತು. ಅಮಾನತು ಆಯಿತು, ಬಂಧನ ಆಯಿತು. ಅಂಥ ಶಾಲೆಗಳಲ್ಲಿ ಕೆಲಸ ಮಾಡುವವರು ಓದುಬರಹ ಇಲ್ಲದವರಲ್ಲ. ಪಾಠಯೋಜನೆ ಬರೆಯುವುದು ಬರುತ್ತದೆ, ಮೌಲ್ಯಮಾಪನ ಬರುತ್ತದೆ. ಯಾವ ಮಗುವಿನ ಕೈಗೆ ಪೊರಕೆ ಕೊಡಬಾರದು, ಯಾಕೆ ಕೊಡಬಾರದು ಅನ್ನೋದನ್ನು ಯಾವ ಪತ್ರಿಕೆಯಲ್ಲಿ, ಯಾವ ಪ್ರಾಯೋಗಿಕದಲ್ಲಿ ಕಲಿಸಲಾಗುತ್ತದೆ? ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದ ಕೈಗೂ ಪೊರಕೆ ಕೊಟ್ಟ ಕೈಗೂ ನಡುವೆ ಈ ಕೋರ್ಸು ಯಾವ ನರವನ್ನೂ ಜೋಡಿಸಿಲ್ಲ.

೭

ಇಲ್ಲಿ ನಮ್ಮ ಗೆಳೆಯರೇ ಒಂದು ಪ್ರಶ್ನೆ ಎತ್ತಿದರು. 'ಕಸುಬನ್ನು ಕ್ಲಾಸಿಗೆ ತನ್ನಿ ಅಂತೀರಿ. ಕುಲಕಸುಬಿನ ಶಿಕ್ಷಣ ಇದೇ ಅಲ್ವೇನ್ರಯ್ಯ?' ಒಳ್ಳೆಯ ಪ್ರಶ್ನೆ. 1953ರಲ್ಲಿ ಮದರಾಸಿನಲ್ಲಿ ರಾಜಾಜಿಯವರ ಸರ್ಕಾರ ಪ್ರಾಥಮಿಕ ಶಾಲೆಯನ್ನು ಅರ್ಧ ದಿನಕ್ಕೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಅಂದಿತು. ಜನ ಸಿಡಿದೆದ್ದರು. 1954ರಲ್ಲಿ ಕಾಮರಾಜರು ಬಂದ ಮೇಲೆ ಅದು ಹೋಯಿತು. ಚಮ್ಮಾರನ ಮಗನಿಗೆ ಚರ್ಮ, ಅಗಸನ ಮಗಳಿಗೆ ಬಟ್ಟೆ ಅನ್ನುವ ಯಾವ ಯೋಜನೆಯೂ, ಎಷ್ಟು ಸುಂದರವಾದ ಮಾತಿನಲ್ಲಿ ಬಂದರೂ, ನಮಗೆ ಬೇಡ.

ನಾವು ಕೇಳುತ್ತಿರುವುದು ಅದರ ತಿರುಗುಮುರುಗು. ಮಗುವಿನ ಅಪ್ಪನ ಕಸುಬನ್ನು ಮಗುವಿನ ತಲೆಗೆ ಕಟ್ಟಬೇಡಿ. ಮೇಷ್ಟ್ರ ಕೈಯಲ್ಲಿರುವ ವಿದ್ಯೆಯನ್ನು ಎಲ್ಲ ಮಕ್ಕಳಿಗೂ ಹಂಚಿ. ನಮ್ಮ ಗಾರ್ಮೆಂಟ್ಸಿನ ಗೆಳತಿ ನಾಲ್ಕನೇ ಕ್ಲಾಸಿಗೆ ಭಿನ್ನರಾಶಿ ಮಾಡಿದಳು. ಒಂದು ಮೀಟರ್ ಬಟ್ಟೆ, ಟೇಪು, ಸೀಮೆಸುಣ್ಣ. ಅರ್ಧ ಮಡಿಚಿದಳು, ಕಾಲು ಮಡಿಚಿದಳು, ಅರೆಕಾಲು ಮಡಿಚಿದಳು. ಬಿಚ್ಚಿ ಗೆರೆ ಎಣಿಸಲು ಹೇಳಿದಳು. ಎಂಟನೇ ಒಂದು ಭಾಗ ನಾಲ್ಕನೇ ಒಂದಕ್ಕಿಂತ ಯಾಕೆ ಚಿಕ್ಕದು, ಎಂಟು ನಾಲ್ಕಕ್ಕಿಂತ ದೊಡ್ಡದಲ್ಲವೇ ಅನ್ನುವ ಹಳೇ ಗೊಂದಲ ಹತ್ತು ನಿಮಿಷದಲ್ಲಿ ಹೋಯಿತು. ಆ ಕ್ಲಾಸಿನಲ್ಲಿ ಜಮೀನ್ದಾರನ ಮಗನೂ ಇದ್ದ, ಕೂಲಿಯವಳ ಮಗಳೂ ಇದ್ದಳು. ಇಬ್ಬರೂ ಬಟ್ಟೆ ಮಡಿಚಿದರು. ಇಬ್ಬರಲ್ಲಿ ಯಾರೂ ದರ್ಜಿ ಆಗಬೇಕಾಗಿಲ್ಲ.

೮

ಆಗದ ಮಾತನ್ನು ನಾವು ಆಡುತ್ತಿಲ್ಲ. ನಲಿ-ಕಲಿ ಹುಟ್ಟಿದ್ದು ಎಲ್ಲಿ? 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಕಾಡಂಚಿನ ತಾಲೂಕು, ಜೇನುಕುರುಬರ ಹಾಡಿಗಳಿರುವ ತಾಲೂಕು. ಅಲ್ಲಿನ ಶಾಲಾ ಶಿಕ್ಷಕರು ರಿಷಿ ವ್ಯಾಲಿಗೆ 
ಹೋಗಿ ಅಲ್ಲಿನ ಕಾರ್ಡುಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ, ತಮ್ಮ ಮಕ್ಕಳಿಗೆ ತಕ್ಕ ಹಾಗೆ ತಾವೇ ಬರೆದು ಕಟ್ಟಿದರು. ಕಲಿಕಾ ಏಣಿ ಮಾಡಿದರು. ಮಗು ರಜಾ ಹಾಕಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ದನ ಕಾಯಲು, ಜೇನು ಕೀಳಲು ಹೋಗಿ ಬಂದ ಮಗು ಹಿಂದೆ ಬಿದ್ದ ಮಗು ಆಗುವುದಿಲ್ಲ. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಬಂದ ಮೇಲೆ ಅದೂ ಕಾರ್ಡು ತುಂಬುವ, ನಮೂನೆ ತುಂಬುವ ಕೆಲಸ ಆಗಿದೆ ಅನ್ನುವ ದೂರು ಶಿಕ್ಷಕರಲ್ಲೇ ಇದೆ. ಆದರೂ ಮಾತು ನಿಲ್ಲುತ್ತದೆ: ತಾವು ಕಂಡ ಮಕ್ಕಳಿಂದ ಶುರು ಮಾಡಿದ ಮೇಷ್ಟ್ರುಗಳು ಒಂದು ಪಠ್ಯಕ್ರಮ ಬರೆಯಬಲ್ಲರು.

ರಜಾ ಹಾಕಿದ ಮಗುವಿಗೆ ಏಣಿ ಇದೆ. ರಜಾ ಹಾಕಿದ ತಾಯಿಗೆ ಇಲ್ಲ.

ನಮ್ಮ ಬೇಡಿಕೆಗಳು ಸರಳ. ಕಸುಬು ಬಿಟ್ಟು ಬಂದವರಿಗೆ ಕೋರ್ಸಿನ ಕಾಲದಲ್ಲಿ, ಕನಿಷ್ಠ ಆ 20 ವಾರದ ಶಾಲಾ ಕೆಲಸಕ್ಕೆ, ಕೂಲಿ ಕೊಡಿ. ಶಾಲೆಯಲ್ಲಿ ಪಾಠ ಮಾಡೋದು ಕೆಲಸ, ದಾನವಲ್ಲ. ಮೊದಲ ಅಸೈನ್‌ಮೆಂಟು 'ನಾನು ಮಾಡಿದ ಕೆಲಸ, ಅದರಲ್ಲಿ ಕಲಿತದ್ದು' ಅಂತ ಇರಲಿ. ಜಾತಿಯನ್ನು ಸಮಾಜದ ಪತ್ರಿಕೆಯಿಂದ ಬಿಡಿಸಿ ಗಣಿತ, ಭಾಷೆ, ಪರಿಸರ ಎಲ್ಲದರ ಬೋಧನೆಯೊಳಕ್ಕೆ ತನ್ನಿ. ಪಾಠ ನೋಡಲು ಬಂದವರು ಚಾರ್ಟು ನೋಡೋದು ಬಿಟ್ಟು, ಹಿಂದಿನ ಸಾಲಿನ ಮಗು ಬಾಯಿ ಬಿಟ್ಟಿತೋ ಇಲ್ಲವೋ ನೋಡಿ ಅಂಕ ಕೊಡಲಿ.

ನಮ್ಮ ಗಾರ್ಮೆಂಟ್ಸಿನ ಗೆಳತಿ ಕೋರ್ಸು ಮುಗಿಸಲಿಲ್ಲ. ಎರಡನೇ ವರ್ಷದ ಹದಿನಾರು ವಾರದಲ್ಲಿ ಚಿಕ್ಕ ಮಗನಿಗೆ ಜ್ವರ ಬಂತು, ಮನೆ ಬಾಡಿಗೆ ಎರಡು ತಿಂಗಳು ನಿಂತಿತು. ಹಾಜರಿ ನೂರಕ್ಕೆ 90ಕ್ಕಿಂತ ಕೆಳಗೆ ಬಿತ್ತು. ಪರೀಕ್ಷೆಗೆ ಕೂರಲು ಬಿಡಲಿಲ್ಲ. ಈಗ ಅದೇ ಲೈನಿನಲ್ಲಿ ಅದೇ ಕಾಲರ್ ಹೊಲಿಯುತ್ತಿದ್ದಾಳೆ. ಈ ಬರಹಕ್ಕೆ ಅವಳ ಒಪ್ಪಿಗೆ ಕೇಳಲು ಹೋದಾಗ ಊಟದ ಬಿಡುವಿನಲ್ಲಿ ಗೇಟಿನ ಹತ್ತಿರ ಬಂದಳು. 'ಬರೀರಿ. ನನ್ ಹೆಸ್ರು ಬ್ಯಾಡ' ಅಂದಳು. ಆಮೇಲೆ, 'ಆ ಬಟ್ಟೆ ಪೀಸು ಸ್ಕೂಲಲ್ಲೇ ಬಿಟ್ಬಂದೆ. ಮಡಿಚೋ ಗೆರೆ ಹೋಗಿರಲ್ಲ, ಯಾರಾದ್ರೂ ಪಾಠ ಮಾಡ್ಬೋದು ನೋಡಿ' ಅಂದಳು. ಬೆಲ್ಲು ಆಯಿತು. ಒಳಗೆ ಹೋದಳು.